ಯಾವ ಸಾಫ್ಟ್‌ವೇರ್ ಅಂತ ಕೇಳಿದಾಗ

ಬೇಲೂರು ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರ ಇದು. ಉದ್ದ ಇದ್ದುದರಿಂದ ಸ್ವಲ್ಪ ಕಡಿಮೆ ಮಾಡಿದ್ದೇವೆ:

“ನಾಲ್ಕು ವರ್ಷದಿಂದ ನಮ್ಮ ಸುತ್ತಮುತ್ತಲ ಊರುಗಳಲ್ಲಿ ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವದ ವಿಡಿಯೊ ಮಾಡಿಕೊಡುತ್ತಿದ್ದೇನೆ. ನನ್ನದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಅದರಲ್ಲಿ ಲಿನಕ್ಸ್ ಹಾಕಿಕೊಂಡು, ಕೆಡೆನ್‌ಲೈವ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡುತ್ತೇನೆ. ಹೋದ ತಿಂಗಳು ಹಾಸನದ ಒಂದು ದೊಡ್ಡ ಸ್ಟುಡಿಯೊಗೆ ಕೆಲಸ ಕೇಳಲು ಹೋಗಿದ್ದೆ. ಮಾಲೀಕರು ನನ್ನ ವಿಡಿಯೊ ನೋಡಿ ಚೆನ್ನಾಗಿದೆ ಅಂದರು. ಯಾವುದರಲ್ಲಿ ಮಿಕ್ಸಿಂಗ್, ಅಂದರೆ ಎಡಿಟಿಂಗ್, ಮಾಡಿದ್ದು ಎಂದು ಕೇಳಿದರು. ಹೇಳಿದ ಕೂಡಲೇ ಮುಖ ಬದಲಾಯಿತು. ‘ಅದೆಲ್ಲ ಪ್ರೊಫೆಷನಲ್ ಅಲ್ಲಪ್ಪ, ಪ್ರೀಮಿಯರ್ ಇಲ್ಲಾಂದ್ರೆ ಎಡಿಯಸ್ ಕಲ್ತು ಬಾ’ ಅಂದರು. ಸ್ನೇಹಿತರು ದುಡ್ಡು ಕೊಡದೆ ಕ್ರ್ಯಾಕ್ ಕಾಪಿ ಹಾಕಿಕೋ ಅನ್ನುತ್ತಾರೆ. ನಾಲ್ಕು ವರ್ಷ ಕಲಿತದ್ದಕ್ಕೆ ಬೆಲೆ ಇಲ್ವಾ ಸಾರ್?”

ಪ್ರಿಯ ಗೆಳೆಯರೇ,

ನಾನು ಮೊದಲು ನೋಡಿದ್ದು ನೀವು ಕಳಿಸಿದ ಪೆನ್ ಡ್ರೈವ್. ಪತ್ರ ಓದಿದ್ದು ಆಮೇಲೆ. ಹಾಗಾಗಿ ಆ ಮದುವೆ ವಿಡಿಯೊ ನೋಡುವಾಗ ಅದನ್ನು ಯಾವುದರಲ್ಲಿ ಮಾಡಿದ್ದು ಅಂತ ನನಗೆ ಗೊತ್ತಿರಲಿಲ್ಲ.

ಗಟ್ಟಿಮೇಳದ ಹೊತ್ತಿಗೆ ಎಲ್ಲರ ಕ್ಯಾಮೆರಾನೂ ತಾಳಿಯ ಮೇಲೇ ಇರುತ್ತದೆ. ನೀವೂ ತಾಳಿ ತೋರಿಸಿದ್ದೀರಿ. ಆದರೆ ಎರಡನೇ ಗಂಟು ಬೀಳುವಾಗ ಕಟ್ ಮಾಡಿ, ಕಂಬದ ಪಕ್ಕ ಕುರ್ಚಿಯಲ್ಲಿ ಕೂತ ಅಜ್ಜಿಯ ಹತ್ತಿರ ಹೋಗಿದ್ದೀರಿ. ಎಲ್ಲರೂ ಅಕ್ಷತೆ ಹಾಕಿ ಆಗಿದೆ. ಅಜ್ಜಿಯ ಮುಷ್ಟಿಯಲ್ಲಿ ಮಾತ್ರ ಅಕ್ಷತೆ ಹಾಗೇ ಇದೆ. ಹಾಕುವುದನ್ನು ಮರೆತು ನೋಡುತ್ತಾ ಕೂತಿದ್ದಾರೆ. ವಾಲಗ ನಿಲ್ಲುವವರೆಗೂ ಆ ಮುಷ್ಟಿ ಬಿಚ್ಚಲಿಲ್ಲ. ಅಲ್ಲಿಯವರೆಗೂ ನೀವು ಕಟ್ ಮಾಡಲಿಲ್ಲ. ಆ ಜಾಗವನ್ನು ನಾನು ಮೂರು ಸಲ ನೋಡಿದೆ. ನಾಲ್ಕು ವರ್ಷದಲ್ಲಿ ನೀವು ಕಲಿತದ್ದು ಅಲ್ಲಿದೆ. ಅದಕ್ಕೆ ಬೆಲೆ ಖಂಡಿತ ಇದೆ.

ಆದರೆ ಅದೇ ವಿಡಿಯೊದಲ್ಲಿ ಎರಡು ತಪ್ಪೂ ಕಂಡವು. ಮಂಟಪದ ಎಡಗಡೆಯ ಕ್ಯಾಮೆರಾದಲ್ಲಿ ಎಲ್ಲರ ಮುಖ ಅರಿಶಿನ ಬಳಿದ ಹಾಗೆ ಕಾಣುತ್ತದೆ, ಬಲಗಡೆಯದ್ದರಲ್ಲಿ ಸರಿಯಾಗಿದೆ. ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಎರಡರಲ್ಲೂ ಒಂದೇ ಇರಲಿಲ್ಲ. ಇನ್ನೊಂದು, ಮೊಬೈಲ್‌ನಲ್ಲಿ ತೆಗೆದ ವಾಲಗದ ಭಾಗ. ಶುರುವಿನಲ್ಲಿ ಡೋಲಿನ ಮೇಲೆ ಕಡ್ಡಿ ಬಿದ್ದ ಕೂಡಲೇ ಸದ್ದು ಬರುತ್ತದೆ. ಕೊನೆಕೊನೆಗೆ ಕಡ್ಡಿ ಬಿದ್ದು ಮೇಲೆದ್ದ ಮೇಲೆ ಸದ್ದು ಕೇಳಿಸುತ್ತದೆ. ಸ್ಟುಡಿಯೊದವರು ದಿನಾ ಇದನ್ನೇ ನೋಡುವವರು. ಅವರ ಕಣ್ಣಿಗೂ ಇದು ಬಿದ್ದಿರಬಹುದು. ಆಮೇಲೆ ನೀವು ಸಾಫ್ಟ್‌ವೇರ್ ಹೆಸರು ಹೇಳಿದಾಗ, ತಪ್ಪಿಗೆ ಕಾರಣ ಅದೇ ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ನಿಜವಾದ ಕಾರಣ ಬೇರೆ. ಮೊಬೈಲ್ ಕ್ಯಾಮೆರಾ ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಒಂದೇ ಸಮ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಲೆಕ್ಕ ಏರುಪೇರಾಗುತ್ತದೆ. ಸದ್ದು ಮಾತ್ರ ತನ್ನ ಪಾಡಿಗೆ ಒಂದೇ ವೇಗದಲ್ಲಿ ಹೋಗುತ್ತದೆ. ಅಂಥ ಕ್ಲಿಪ್ಪನ್ನು ಹಾಗೇ ಟೈಮ್‌ಲೈನ್‌ಗೆ ಎಳೆದರೆ ಪ್ರೀಮಿಯರ್‌ನಲ್ಲೂ ಈ ತೊಂದರೆ ಬರಬಹುದು. ಕೆಡೆನ್‌ಲೈವ್‌ನ ಹೊಸ ಆವೃತ್ತಿಗಳು ಇಂಥ ಕ್ಲಿಪ್ ಬಂದಾಗ ಎಚ್ಚರಿಸಿ, ಎಡಿಟಿಂಗ್‌ಗೆ ಒಗ್ಗುವ ಹಾಗೆ ಬದಲಾಯಿಸಲೇ ಎಂದು ಕೇಳುತ್ತವೆ. ಆ ಕಿಟಕಿ ಬಂದಾಗ ಸುಮ್ನೆ ಮುಚ್ಚಬೇಡಿ, ಹೂಂ ಅನ್ನಿ. ಪ್ರಾಜೆಕ್ಟ್ ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಇಡಿ. ಕ್ಯಾಮೆರಾದ ಶಟರ್ ಸೆಕೆಂಡಿನ 50ರಲ್ಲಿ ಒಂದಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಕಲ್ಯಾಣ ಮಂಟಪದ ಲೈಟು ಮಿಣುಕುವುದು ಕಡಿಮೆಯಾಗುತ್ತದೆ.

ಇನ್ನು ಆ ಮಾಲೀಕರ ಮಾತಿಗೆ ಬರೋಣ. ಅವರು ಹೇಳಿದ ರೀತಿ ನಿಮಗೆ ನೋವು ಮಾಡಿದೆ. ಆದರೆ ಅವರ ಜಾಗದಲ್ಲಿ ಒಂದು ನಿಮಿಷ ಕೂತು ನೋಡಿ. ಲಗ್ನದ ಸೀಸನ್. ಒಂದು ವಾರಕ್ಕೆ ಆರು ಮದುವೆ. ಒಬ್ಬ ಹುಡುಗ ಮುಹೂರ್ತದ ಭಾಗ ಕಟ್ ಮಾಡಿರುತ್ತಾನೆ, ಇನ್ನೊಬ್ಬ ಆರತಕ್ಷತೆ. ಮೊದಲನೆಯವನಿಗೆ ಜ್ವರ ಬಂದು ಊರಿಗೆ ಹೋದ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಹೆಣ್ಣಿನ ಮನೆಯವರು ಫೋನ್ ಮಾಡಿ, ಸೋದರಮಾವನ ಹೆಸರು ತಪ್ಪಾಗಿದೆ, ನಾಳೆಯೇ ಸರಿ ಮಾಡಿಕೊಡಿ ಅನ್ನುತ್ತಾರೆ. ಆಗ ಅವನ ಪ್ರಾಜೆಕ್ಟ್ ಫೈಲನ್ನು ಪಕ್ಕದ ಕಂಪ್ಯೂಟರಿನವನು ತೆಗೆಯಲೇಬೇಕು. ತೆಗೆಯಲು ಆಗದಿದ್ದರೆ ಸ್ಟುಡಿಯೊದ ಹೆಸರು ಹೋಗುತ್ತದೆ. ‘ಯಾವುದರಲ್ಲಿ ಮಾಡಿದ್ದು’ ಎಂಬ ಪ್ರಶ್ನೆಯ ಹಿಂದೆ ಇರುವುದು ಈ ಭಯ. ನೀವಿಲ್ಲದ ದಿನ ನಿಮ್ಮ ಕೆಲಸವನ್ನು ಬೇರೆಯವರು ಮುಂದುವರಿಸಬಹುದಾ ಅಂತ ಅವರು ಕೇಳುತ್ತಿದ್ದಾರೆ. ಪ್ರೊಫೆಷನಲ್ ಅನ್ನುವ ಮಾತಿಗೆ ಈ ಕಸುಬಿನಲ್ಲಿ ಮುಕ್ಕಾಲು ಪಾಲು ಅರ್ಥ ಇಷ್ಟೇ.

ಇದು ನನಗೆ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ, ಪ್ರೆಸ್ಸಿನ ಬಾಗಿಲಲ್ಲಿ. ಕೆಲವು ವರ್ಷದ ಹಿಂದೆ ಈ ಪತ್ರಿಕೆಯ ಒಂದು ಸಂಚಿಕೆಯ ಪುಟಗಳನ್ನು ನಾನು ಸ್ಕ್ರೈಬಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕಟ್ಟಿದೆ. ಅಲ್ಲಿಯವರೆಗೆ ಪುಟ ಕಟ್ಟಲು ಪೇಜ್‌ಮೇಕರ್, ಕನ್ನಡ ಟೈಪ್ ಮಾಡಲು ನುಡಿ, ನಮ್ಮದೂ ಅವೇ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರ ಸಂಕೇತ ಅದಕ್ಕೆ ಗೊತ್ತಿಲ್ಲ. ಆದರೂ ನಮ್ಮ ಕಡೆ ಎಷ್ಟೋ ಕಡೆ ಕನ್ನಡ ಪುಟ ಕಟ್ಟುವುದು ಅದರಲ್ಲೇ. ನಾನು ಹುಮ್ಮಸ್ಸಿನಿಂದ ಸ್ಕ್ರೈಬಸ್ ಫೈಲನ್ನೇ ಪ್ರೆಸ್ಸಿಗೆ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ಅದು ತೆಗೆದುಕೊಳ್ಳಲಿಲ್ಲ. ಮ್ಯಾಟರ್ ಮಾತ್ರ ಕೊಡಿ ಅಂದರು, ಕೊಟ್ಟೆ. ಪೇಜ್‌ಮೇಕರ್‌ಗೆ ಹಾಕಿದರೆ ಕನ್ನಡದ ಜಾಗದಲ್ಲಿ ಸಾಲು ಸಾಲು ಪ್ರಶ್ನೆ ಚಿಹ್ನೆ. ‘ಇಂಥವೆಲ್ಲ ನಡೆಯಲ್ಲ ಸಾರ್’ ಅಂದರು. ಆ ರಾತ್ರಿ ನನಗೂ ನಿಮ್ಮ ಹಾಗೇ ಬೇಜಾರಾಗಿತ್ತು.

ಮರುದಿನ ಅದೇ ಪುಟಗಳನ್ನು ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ ತೆಗೆದುಕೊಂಡು ಹೋದೆ. ಅಲ್ಲಿನ ಹುಡುಗ ತೆರೆದು ನೋಡಿದ. ಅಳತೆ ಸರಿಯಿತ್ತು, ಒತ್ತಕ್ಷರ ಎಲ್ಲವೂ ತಮ್ಮ ಜಾಗದಲ್ಲೇ ಇದ್ದವು. ಪ್ಲೇಟ್ ಮಾಡಲು ಕಳಿಸಿದ. ಯಾವುದರಲ್ಲಿ ಮಾಡಿದ್ದು ಅಂತ ಅಂದಿನಿಂದ ಇಂದಿನವರೆಗೆ ಆ ಪ್ರೆಸ್ಸಿನಲ್ಲಿ ಯಾರೂ ನನ್ನನ್ನು ಕೇಳಿಲ್ಲ.

ಸಿನಿಮಾದಲ್ಲೂ ಇದೇ ಕಥೆ. ಎಡಿಟರ್ ಕಟ್ ಮಾಡಿದ ಮೇಲೆ ಕೆಲಸ ಸೌಂಡ್‌ನವರಿಗೆ, ಗ್ರಾಫಿಕ್ಸ್‌ನವರಿಗೆ, ಬಣ್ಣ ತಿದ್ದುವ ಡಿಐಗೆ ಹೋಗುತ್ತದೆ. ಯಾವ ಶಾಟು ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿಯೂ ಜೊತೆಗೆ ಹೋಗಬೇಕು. ಇಡಿಎಲ್ ಎಂಬ ಆ ಪಟ್ಟಿ 1970ರ ದಶಕದ ಟೇಪ್ ಕಾಲದ್ದು, ಈಗಲೂ ಬಳಕೆಯಲ್ಲಿದೆ. ಹಾಲಿವುಡ್‌ನಲ್ಲಿ ಎಲ್ಲರೂ ಅವಿಡ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಹಿಡಿದು ಕೂತಿದ್ದಾಗ, ಅಲ್ಲಿನ ಹೆಸರಾಂತ ಎಡಿಟರ್ ವಾಲ್ಟರ್ ಮರ್ಚ್ ಅವರು ‘ಕೋಲ್ಡ್ ಮೌಂಟನ್’ ಚಿತ್ರವನ್ನು ಆಪಲ್‌ನ ಫೈನಲ್ ಕಟ್ ಪ್ರೊದಲ್ಲಿ ಎಡಿಟ್ ಮಾಡಿದರು. ಆ ಸಾಫ್ಟ್‌ವೇರ್ ಮಾರುಕಟ್ಟೆಗೆ ಬಂದದ್ದು 1999ರಲ್ಲಿ, ಚಿತ್ರ ಬಂದದ್ದು 2003ರಲ್ಲಿ. ಅಷ್ಟು ದೊಡ್ಡ ಚಿತ್ರಕ್ಕೆ ಅದನ್ನು ನಂಬಬಹುದಾ ಅಂತ ಆಗ ಅನುಮಾನಪಟ್ಟವರೇ ಜಾಸ್ತಿ. ಮರ್ಚ್ ಅವರ ತಂಡಕ್ಕೆ ತಲೆನೋವಾಗಿದ್ದು ಕಟ್ ಮಾಡುವುದಲ್ಲ. ಕಟ್ ಬದಲಾದಾಗಲೆಲ್ಲ ಆ ಬದಲಾವಣೆಯ ಪಟ್ಟಿಯನ್ನು ಸೌಂಡ್ ವಿಭಾಗಕ್ಕೆ ಮುಟ್ಟಿಸುವುದು. ಅದಕ್ಕೊಂದು ದಾರಿ ಮಾಡಿಕೊಂಡರು. ಚಿತ್ರದ ಸಂಕಲನ ಆಸ್ಕರ್‌ಗೆ ನಾಮನಿರ್ದೇಶನವಾಯಿತು.

ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಎಡಿಟರ್ ಥೆಲ್ಮಾ ಸ್ಕೂನ್‌ಮೇಕರ್ ಅವರು ಲೈಟ್‌ವರ್ಕ್ಸ್ ಎಂಬ ಸಾಫ್ಟ್‌ವೇರ್ ಬಿಟ್ಟು ಅತ್ತಿತ್ತ ಹೋಗದವರು. ಹಾಸನದಲ್ಲಿ ಆ ಹೆಸರು ಎಷ್ಟು ಜನಕ್ಕೆ ಗೊತ್ತು? ಕೊರಿಯಾದ ‘ಪ್ಯಾರಸೈಟ್’ 2019ರ ಚಿತ್ರ. ಅದನ್ನು ಎಡಿಟ್ ಮಾಡಿದ್ದು ಫೈನಲ್ ಕಟ್ ಪ್ರೊ 7ರಲ್ಲಿ. ಆಪಲ್ ಆ ಆವೃತ್ತಿಯನ್ನು ಕೈಬಿಟ್ಟದ್ದು 2011ರಲ್ಲಿ! ಅನಿಮೇಷನ್ ಕಡೆ ನೋಡಿ, ಲಾಟ್ವಿಯಾದ ‘ಫ್ಲೋ’ ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತಯಾರಾಗಿ 2025ರಲ್ಲಿ ಆಸ್ಕರ್ ಗೆದ್ದಿತು.

ನಮ್ಮ ಕಡೆ ಎಡಿಯಸ್ ಇಲ್ಲದ ಮದುವೆ ಸ್ಟುಡಿಯೊ ಹುಡುಕುವುದೇ ಕಷ್ಟ. ಜಪಾನಿನ ಕನೋಪಸ್ ಕಂಪನಿ ಮಾಡಿದ್ದು, ಆಮೇಲೆ ಗ್ರಾಸ್ ವ್ಯಾಲಿ ಕೈಸೇರಿತು. ಬೇರೆ ಬೇರೆ ಕ್ಯಾಮೆರಾದ ಫುಟೇಜನ್ನು ಒಂದೇ ಟೈಮ್‌ಲೈನ್‌ನಲ್ಲಿ ಹಾಕಿ, ರೆಂಡರ್‌ಗೆ ಕಾಯದೆ ಓಡಿಸಬಹುದು. ಮದುವೆ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು? ಆದರೆ ಹಾಲಿವುಡ್‌ನ ಎಡಿಟಿಂಗ್ ಕೋಣೆಯಲ್ಲಿ ಎಡಿಯಸ್ ಹೆಸರು ಹೇಳಿದರೆ, ನಿಮಗೆ ಆದ ಅನುಭವವೇ ಆ ಸ್ಟುಡಿಯೊ ಮಾಲೀಕರಿಗೂ ಆಗಬಹುದು. ಯಾವುದು ಪ್ರಸಿದ್ಧ, ಯಾವುದು ಅಲ್ಲ ಅನ್ನುವುದು ಊರಿನಿಂದ ಊರಿಗೆ, ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ.

ಕ್ರ್ಯಾಕ್ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಬೇಡ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ನನಗೆ ಅದಕ್ಕಿಂತ ಹೆಚ್ಚಿನ ಚಿಂತೆ ಇನ್ನೊಂದಿದೆ. ಕ್ರ್ಯಾಕ್ ಫೈಲಿನ ಜೊತೆ ಏನು ಒಳಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಮನೆಯವರ ಮದುವೆ ಇದೆ. ಅದು ಲಾಕ್ ಆಗಿ ಹೋದರೆ ಆ ಅಜ್ಜಿಯನ್ನು ಮತ್ತೆ ಎಲ್ಲಿಂದ ತರುತ್ತೀರಿ?

ನಿಮ್ಮ ಕಷ್ಟಕ್ಕೆ ಕೆಡೆನ್‌ಲೈವ್‌ನಲ್ಲೇ ಅರ್ಧ ದಾರಿ ಇದೆ. ಪ್ರಾಜೆಕ್ಟನ್ನು ಆರ್ಕೈವ್ ಮಾಡುವ ಸೌಲಭ್ಯ ಉಂಟು. ಎಲ್ಲೆಲ್ಲೋ ಚದುರಿದ ಕ್ಲಿಪ್, ಹಾಡು, ಫೋಟೊ ಎಲ್ಲ ಒಂದೇ ಕಡೆ ಬಂದು ಕೂರುತ್ತವೆ. ಪ್ರತಿ ಕೆಲಸ ಮುಗಿದ ಮೇಲೆ ಇದನ್ನು ಮಾಡಿಡಿ. ಮಾಸ್ಟರ್ ಕಾಪಿಯನ್ನು ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ವಿಡಿಯೊ ರೂಪದಲ್ಲಿ ತೆಗೆಯಿರಿ. ಆ ಫೈಲನ್ನು ಬೇರೆ ಯಾವ ದೊಡ್ಡ ಸಾಫ್ಟ್‌ವೇರ್‌ನಲ್ಲೂ ತೆರೆಯಬಹುದು. ಹೆಸರು, ಟೈಟಲ್ ಇಲ್ಲದ ಇನ್ನೊಂದು ಕಾಪಿಯನ್ನೂ ಕೊಡಿ. ಆಗ ಸೋದರಮಾವನ ಹೆಸರು ತಿದ್ದಲು ನೀವೇ ಬರಬೇಕಾಗಿಲ್ಲ. ಕಟ್‌ಗಳ ಪಟ್ಟಿಯನ್ನು ಓಪನ್‌ಟೈಮ್‌ಲೈನ್‌ಐಒ ಎಂಬ ರೂಪದಲ್ಲಿ ಕಳಿಸಲೂ ಬರುತ್ತದೆ, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಓದುತ್ತದೆ. ಕಟ್‌ಗಳು ಹೋಗುತ್ತವೆ. ಎಫೆಕ್ಟು, ಟೈಟಲ್ಲು ಹಾಗೇ ಹೋಗುತ್ತವೆ ಅಂತ ನಂಬಬೇಡಿ.

ಕನ್ನಡ ಟೈಟಲ್ ಬಗ್ಗೆ ಒಂದು ಮಾತು, ನನಗೆ ಅದು ಮನಸ್ಸಿಗೆ ಹತ್ತಿರದ ವಿಷಯ. ನಿಮ್ಮ ವಿಡಿಯೊದಲ್ಲಿ ಗಂಡು ಹೆಣ್ಣಿನ ಹೆಸರು ಯೂನಿಕೋಡ್‌ನಲ್ಲಿದೆ, ಒಂದು ಒತ್ತೂ ತಪ್ಪಿಲ್ಲ. ಪ್ರೀಮಿಯರ್‌ನಲ್ಲಿ ಅಕ್ಷರದ ಸೆಟ್ಟಿಂಗನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಬದಲಾಯಿಸಿಕೊಳ್ಳದೆ ಬರೆದು, ಒತ್ತು ಒಡೆದ ಹೆಸರುಗಳನ್ನು ನಾನು ಎಷ್ಟೋ ಮದುವೆಯ ದೊಡ್ಡ ಪರದೆಯ ಮೇಲೆ ನೋಡಿದ್ದೇನೆ. ಮದುಮಗಳ ಹೆಸರನ್ನೇ ತಪ್ಪಾಗಿ ತೋರಿಸಿದ ವಿಡಿಯೊವನ್ನು ಪ್ರೊಫೆಷನಲ್ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಉಳಿದರ್ಧ ದಾರಿ ನೀವು ನಡೆಯಬೇಕಾದ್ದು. ಸಂಬಳದ ಕೆಲಸ ಬೇಕು ಅಂದರೆ, ಆ ಸ್ಟುಡಿಯೊದಲ್ಲಿ ಯಾವುದು ಇದೆಯೋ ಅದನ್ನು ಕಲಿಯಲೇಬೇಕು. ಇದರಲ್ಲಿ ಅವಮಾನ ಏನೂ ಇಲ್ಲ. ಎಲ್ಲಿ ಕಟ್ ಮಾಡಬೇಕು ಅಂತ ಗೊತ್ತಿರುವವರಿಗೆ ಹೊಸ ಬಟನ್‌ಗಳು ಎರಡು ಮೂರು ವಾರದಲ್ಲಿ ಕೈಗೆ ಹತ್ತುತ್ತವೆ. ಮನೆಯಲ್ಲಿ ಕಲಿಯಲು ರಿಸಾಲ್ವ್ ಒಳ್ಳೆಯದು. ಹಿಂದೆ ಅದು ಬಣ್ಣ ತಿದ್ದಲೆಂದೇ ಇದ್ದ, ಲಕ್ಷಾಂತರ ಡಾಲರ್ ಬೆಲೆಯ ಯಂತ್ರ. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಕೊಂಡುಕೊಂಡ ಮೇಲೆ ಉಚಿತ ಆವೃತ್ತಿಯೂ ಬಂತು. ನಿಮ್ಮ ಅರಿಶಿನ ಬಣ್ಣದ ಮುಖಗಳನ್ನು ಸರಿ ಮಾಡಲು ಅದರಷ್ಟು ಚೆನ್ನಾಗಿ ಕಲಿಸುವ ಸಾಫ್ಟ್‌ವೇರ್ ಇನ್ನೊಂದಿಲ್ಲ. ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಲಿನಕ್ಸ್‌ನಲ್ಲಿ ಉಚಿತ ಆವೃತ್ತಿ ಎಚ್.264 ಎಂಬ ಸಾಮಾನ್ಯ ವಿಡಿಯೊ ರೂಪದ ಫೈಲ್ ತೆಗೆದುಕೊಳ್ಳುವುದಿಲ್ಲ, ಮೊದಲು ಬೇರೆ ರೂಪಕ್ಕೆ ಬದಲಾಯಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ದಿನವೇ ಬಿಟ್ಟುಬಿಡುತ್ತಾರೆ.

ಕೆಡೆನ್‌ಲೈವ್ ಬಳಸುವುದನ್ನು ಮುಚ್ಚಿಡಬೇಡಿ. ನಿಮ್ಮ ಸ್ವಂತ ಕೆಲಸ ಅದರಲ್ಲೇ ನಡೆಯಲಿ. ವಾಲಗದ ಸದ್ದು ಮತ್ತು ಆ ಬಣ್ಣ ಸರಿ ಮಾಡಿ, ಅದೇ ಸ್ಟುಡಿಯೊಗೆ ಇನ್ನೊಮ್ಮೆ ಹೋಗಿ. ಮಾಸ್ಟರ್ ಕಾಪಿ, ಟೈಟಲ್ ಇಲ್ಲದ ಕಾಪಿ, ಪೂರ್ತಿ ಫೋಲ್ಡರ್, ಮೂರೂ ಕೈಯಲ್ಲಿರಲಿ. ‘ಒಂದು ವಾರ ನಿಮ್ಮ ಎಡಿಯಸ್‌ನಲ್ಲಿ ಕೂರಿಸಿ ನೋಡಿ ಸಾರ್’ ಅಂತ ಕೇಳಿ. ಸೀಸನ್ ಶುರುವಾಗುವ ಮೊದಲೇ ಹೋಗಿ, ಆಗ ಅವರಿಗೂ ಕೂತು ನೋಡಲು ಸಮಯ ಇರುತ್ತದೆ.

ನಿಮ್ಮ ಪೆನ್ ಡ್ರೈವ್ ನಮ್ಮ ಕಚೇರಿಯಲ್ಲೇ ಇದೆ. ಹಾಸನಕ್ಕೆ ಬಂದಾಗ ತೆಗೆದುಕೊಂಡು ಹೋಗಿ. ಬರುವಾಗ ಶಾಲಾ ವಾರ್ಷಿಕೋತ್ಸವದ ಒಂದು ವಿಡಿಯೊ ತನ್ನಿ, ಕೂತು ನೋಡೋಣ.

ಸಂಪಾದಕ