ಇಂಗಾಲದ ಕೊಳವೆಗೆ ಕಬ್ಬಿಣ ಯಾಕೆ?

ಪ್ರಶ್ನೆ: ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ. ಕಾರ್ಬನ್ ನ್ಯಾನೊಟ್ಯೂಬ್ ಬೆಳೆಸಲು ಕಬ್ಬಿಣದ ಕಣ ಬೇಕು ಅನ್ನುತ್ತಾಳೆ. ಕೊಳವೆ ಇಂಗಾಲದ್ದು, ಕಬ್ಬಿಣಕ್ಕೆ ಅಲ್ಲೇನು ಕೆಲಸ ಸಾರ್?
– ಗೃಹಿಣಿಯೊಬ್ಬರು, ಸಕಲೇಶಪುರ

ಉತ್ತರ: ಅಮ್ಮಾ, ಹಾಸನದ ನಮ್ಮ ಮನೆಯಲ್ಲಿ ಭಾನುವಾರ ಒತ್ತು ಶ್ಯಾವಿಗೆ. ಒತ್ತುವ ಕೆಲಸ ನನ್ನದು (ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರಿಗೆ ಇನ್ನೇನಿದೆ!). ಬಿಲ್ಲೆಯ ತೂತು ಎಷ್ಟು ದಪ್ಪವೋ ಎಳೆಯೂ ಅಷ್ಟೇ ಅಲ್ವಾ? ಕಬ್ಬಿಣದ ಕಣವೂ ಸುಮಾರಾಗಿ ಹಾಗೇ. ಕಣ ಒಂದೆರಡು ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಇದ್ದರೆ ಕೊಳವೆಯೂ ಹೆಚ್ಚುಕಮ್ಮಿ ಅಷ್ಟೇ ಅಗಲ.

ಆದರೆ ಇಲ್ಲಿ ಯಾರೂ ಒತ್ತುವುದಿಲ್ಲ. 700–800 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಗೆ ಅಸಿಟಿಲೀನ್ ಬಿಡುತ್ತಾರೆ. ವೆಲ್ಡಿಂಗ್ ಅಂಗಡಿಯ ಗ್ಯಾಸೇ ಅದು. ಕಣದ ಮೈಮೇಲೆ ಅದು ಒಡೆದು, ಇಂಗಾಲ ಕಬ್ಬಿಣದೊಳಗೆ ಕರಗುತ್ತದೆ. ಹಿಡಿಯುವಷ್ಟು ಹಿಡಿದ ಮೇಲೆ ಕೊಳವೆಯಾಗಿ ಹೊರಗೆ ಹೊಮ್ಮುತ್ತದೆ. ಕಣ ತಾನು ಕೂತಿರುವ ತಳಕ್ಕೆ ಗಟ್ಟಿಯಾಗಿ ಅಂಟಿದ್ದರೆ ಬುಡದಲ್ಲೇ ಉಳಿಯುತ್ತದೆ. ಹಿಡಿತ ಸಡಿಲವಿದ್ದರೆ ಕೊಳವೆಯ ತುದಿಗೆ ಟೋಪಿಯಂತೆ ಕೂತು ಮೇಲೇರುತ್ತದೆ. ನಿಕಲ್, ಕೋಬಾಲ್ಟ್ ಕೂಡ ಈ ಕೆಲಸ ಮಾಡುತ್ತವೆ.

ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. 1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಇಜಿಮಾ ತೋರಿಸಿದ ಬಹುಪದರದ (ಒಂದರೊಳಗೊಂದು ಕೂತ) ಕೊಳವೆಗಳಿಗೆ ಲೋಹ ಬೇಕಿರಲಿಲ್ಲ. 1993ರಲ್ಲಿ ಒಂಟಿ ಪದರದವು ಸಿಕ್ಕಿದ್ದು ಮಾತ್ರ ಕಬ್ಬಿಣ, ಕೋಬಾಲ್ಟ್ ಸೇರಿಸಿದ ಮೇಲೆ.

ಮಗಳಿಗೆ ಒಂದು ಮಾತು ಹೇಳಿ. ಕಾವು ಜಾಸ್ತಿಯಾದರೆ ಕಣಗಳು ಒಂದಕ್ಕೊಂದು ಸೇರಿ ದಪ್ಪಗಾಗುತ್ತವೆ. ಗ್ಯಾಸ್ ಜಾಸ್ತಿಯಾದರೆ ಮೈಗೆಲ್ಲ ಇಂಗಾಲ ಮೆತ್ತಿಕೊಂಡು ಕೆಲಸ ನಿಲ್ಲಿಸುತ್ತವೆ. ಆಮೇಲೆ ಸಿಗುವುದು ಬರೀ ಮಸಿ, ಸೌದೆ ಒಲೆಯ ಪಾತ್ರೆಯ ತಳದಲ್ಲಿ ಇರುತ್ತದಲ್ಲ, ಅಂಥದ್ದು.