ಕಥೋಲಿಕ ಧರ್ಮಸಭೆಗೆ ಮೀಸಲಾತಿ, ಆದಿವಾಸಿ ಭೂಮಿಯ ಉಸಾಬರಿ ಏಕೆ?

ಶಾಲೆ, ಆಸ್ಪತ್ರೆ ನಡೆಸುವುದು ಸರಿ. ಆದಿವಾಸಿಗಳ ಭೂಮಿ, ದಲಿತರ ಮೀಸಲಾತಿ, ಮರಣದಂಡನೆ ಇವೆಲ್ಲ ಪಾದ್ರಿಗಳಿಗೆ ಏಕೆ, ಕೊನೆಗೆ ಇದು ಮತಾಂತರದ ದಾರಿಯಲ್ಲವೇ, ಒಬ್ಬ ಕಥೋಲಿಕರಾಗಿ ನಿಮಗೆ ಇದು ಒಪ್ಪಿಗೆಯೇ ಎಂದು ಕೇಳಿದ್ದೀರಿ. ನನಗೆ ಒಪ್ಪಿಗೆ. ತಕರಾರು ಒಂದಿದೆ, ಆದರೆ ಅದು ನಿಮ್ಮದಲ್ಲ: ಹೊರಗಿನ ಅನ್ಯಾಯದ ಬಗ್ಗೆ ಗಟ್ಟಿಯಾಗಿ ಮಾತನಾಡುವ ನಾವು ಒಳಗಿನದಕ್ಕೆ ಬಂದಾಗ ದನಿ ತಗ್ಗಿಸುತ್ತೇವೆ.

ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ, ಅಂದರೆ ಊರೂರಿನ ಚರ್ಚುಗಳಲ್ಲಿ, ಸಂತ ವಿನ್ಸೆಂಟ್ ದಿ ಪೌಲ್ ಸಭೆ ಎಂದು ಒಂದಿರುತ್ತದೆ. ಸದಸ್ಯರು ಬಡವರ ಮನೆಗೆ ಹೋಗಿ ಅಕ್ಕಿ, ಬೇಳೆ, ಔಷಧಿಯ ಹಣ ಕೊಟ್ಟು ಬರುತ್ತಾರೆ. ಇದಕ್ಕೆ ಯಾರ ಆಕ್ಷೇಪವೂ ಇಲ್ಲ. ಅದೇ ಮನೆಯ ಹೆಂಗಸಿಗೆ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕನಿಷ್ಠ ವೇತನ ಏಕೆ ಸಿಗುತ್ತಿಲ್ಲ ಎಂದು ಕೇಳಿದ ಕೂಡಲೇ ಅದು ರಾಜಕೀಯವಾಗುತ್ತದೆ. ಹಾಗೆನ್ನುವವರಲ್ಲಿ ಭಾನುವಾರದ ಪೂಜೆಗೆ ಮುಂದಿನ ಸಾಲಿನಲ್ಲಿ ಕೂರುವವರೂ ಇದ್ದಾರೆ. ಆದರೆ ಈ ಪ್ರಶ್ನೆ ಕೇಳುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1891ರಲ್ಲಿ ಪೋಪ್ 13ನೇ ಲಿಯೋ ‘ರೇರುಂ ನೊವಾರುಂ’ ಎಂಬ ಪತ್ರ ಬರೆದು, ಹೊಟ್ಟೆಗೆ ಸಾಲದ ಕೂಲಿಯನ್ನು ಕಾರ್ಮಿಕ ತಾನೇ ಒಪ್ಪಿಕೊಂಡಿದ್ದರೂ ಅದು ನ್ಯಾಯವಾಗುವುದಿಲ್ಲ, ಸಂಘ ಕಟ್ಟುವುದು ಅವನ ಹಕ್ಕು ಎಂದಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ತಮ್ಮ ಹೆಸರನ್ನು 14ನೇ ಲಿಯೋ ಎಂದು ಇಟ್ಟುಕೊಂಡದ್ದಕ್ಕೆ ಈ ಪತ್ರವನ್ನೇ ಮುಖ್ಯ ಕಾರಣವಾಗಿ ಹೇಳಿದರು. ಕೃತಕ ಬುದ್ಧಿಮತ್ತೆ ಕೂಲಿಯವರಿಗೆ ಏನು ಮಾಡೀತು ಎಂಬ ಚಿಂತೆಯನ್ನೂ ಅದಕ್ಕೆ ಸೇರಿಸಿದರು. ಮರಣದಂಡನೆಯ ವಿಷಯದಲ್ಲಿ ಅವರ ಹಿಂದಿನ ಪೋಪ್ ಫ್ರಾನ್ಸಿಸ್ 2018ರಲ್ಲಿ ಧರ್ಮೋಪದೇಶವನ್ನೇ (ಕಥೋಲಿಕ ಬೋಧನೆಯ ಅಧಿಕೃತ ಗ್ರಂಥ) ತಿದ್ದಿ, ಆ ಶಿಕ್ಷೆಯನ್ನು ಒಪ್ಪಲು ಸಾಧ್ಯವೇ ಇಲ್ಲ ಎಂದರು.

ಆದಿವಾಸಿ ಭೂಮಿ ಎಂದಿರಿ. ನಿಮ್ಮ ಮನಸ್ಸಿನಲ್ಲಿ ಸ್ಟ್ಯಾನ್ ಸ್ವಾಮಿ ಇದ್ದಿರಬಹುದು. ಈ ಯೇಸುಸಭೆಯ (ಜೆಸ್ವಿಟ್) ಗುರುಗಳು 1975ರಿಂದ ಸುಮಾರು ಹತ್ತು ವರ್ಷ ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದವರು. ಆಮೇಲೆ ಜಾರ್ಖಂಡ್‌ಗೆ ಹೋಗಿ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರ ನ್ಯಾಯಾಲಯದ ಮೆಟ್ಟಿಲೇರಿದರು. 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಭಯೋತ್ಪಾದನೆ ತಡೆಯ ಕಠಿಣ ಕಾಯ್ದೆಯಾದ ಯುಎಪಿಎ ಅಡಿ ಅವರನ್ನೇ ಬಂಧಿಸಲಾಯಿತು. ಪಾರ್ಕಿನ್ಸನ್ ರೋಗದಿಂದ ಕೈ ನಡುಗುತ್ತಿದ್ದುದರಿಂದ, ನೀರು ಕುಡಿಯಲು ಸ್ಟ್ರಾ ಕೊಡಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಜಾಮೀನು ಸಿಗದೆಯೇ 2021ರ ಜುಲೈ 5ರಂದು, ತಮ್ಮ 84ನೇ ವಯಸ್ಸಿನಲ್ಲಿ ತೀರಿಕೊಂಡರು. ‘ಹಸಿದಿದ್ದೆ, ನನಗೆ ಊಟ ಕೊಟ್ಟಿರಿ; ಸೆರೆಯಲ್ಲಿದ್ದೆ, ನನ್ನನ್ನು ನೋಡಲು ಬಂದಿರಿ’ ಎಂಬ, ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿರುವ ಯೇಸುವಿನ ಮಾತಿನ ಎರಡನೆಯ ಅರ್ಧವನ್ನು ಅವರು ಅಕ್ಷರಶಃ ತೆಗೆದುಕೊಂಡರು, ಅಷ್ಟೇ.

ಇನ್ನು ಮೀಸಲಾತಿ. ಇಲ್ಲಿ ವಿಷಯ ಗೋಜಲು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯವರಾಗುವುದಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬುವರಿಗೆ, ಪರಿಶಿಷ್ಟ ಜಾತಿಯ ಚಮ್ಮಾರರಿಗೆಂದು ಸರ್ಕಾರ ಪುಕ್ಕಟೆ ಕೊಡುತ್ತಿದ್ದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಅವರು ಪರಿಶಿಷ್ಟ ಜಾತಿಗಳಲ್ಲಿ ಒಂದಾದ ಆದಿದ್ರಾವಿಡರು, ಆದರೆ ಕ್ರೈಸ್ತರು. ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದ್ದನ್ನು ಗಮನಿಸಿ: ಮತಾಂತರದ ನಂತರವೂ ಜಾತಿ ಉಳಿದಿದೆ ಎಂದರೆ ಸಾಲದು, ಅದರಿಂದಾಗುವ ಬಾಧೆ ಹೊಸ ಧರ್ಮದೊಳಗೂ ಅಷ್ಟೇ ತೀವ್ರವಾಗಿದೆ ಎಂದು ತೋರಿಸಬೇಕು.

ಅಂದರೆ ದಲಿತ ಕ್ರೈಸ್ತನ ಮೊಕದ್ದಮೆ ಗೆಲ್ಲಬೇಕಾದರೆ ಧರ್ಮಸಭೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕು. ‘ನಮ್ಮಲ್ಲಿ ಜಾತಿ ಇಲ್ಲ, ಕ್ರಿಸ್ತನಲ್ಲಿ ಎಲ್ಲರೂ ಒಂದೇ’ ಎಂದು ಪೀಠದಿಂದ ಬೋಧಿಸಿದಷ್ಟೂ ಸೂಸೈಯಂಥವರ ಕೇಸು ಸಡಿಲವಾಗುತ್ತದೆ. ಸಾಕ್ಷಿಗೇನೂ ಬರವಿಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನೊಳಗೆ ಜಾತಿಗಳನ್ನು ಬೇರ್ಪಡಿಸುತ್ತಿದ್ದ ಗೋಡೆ ಬಿದ್ದದ್ದು 1910ರಲ್ಲಿ. ಹಳೆಯ ಕಥೆ ಎನ್ನಬೇಡಿ; 2008ರಲ್ಲಿ ಅದೇ ರಾಜ್ಯದ ಎರೈಯೂರಿನಲ್ಲಿ ವನ್ನಿಯ ಜಾತಿಯ ಕ್ರೈಸ್ತರಿಗೂ ದಲಿತ ಕ್ರೈಸ್ತರಿಗೂ ಜಗಳವಾಗಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ನಮ್ಮ ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಬಾಮಣ್, ಚಾರಡಿ ಎಂಬ ಜಾತಿಭೇದ ಮದುವೆಯ ಮಾತುಕತೆಯ ಹೊತ್ತಿಗೆ ಈಗಲೂ ತಲೆ ಎತ್ತುವುದುಂಟು, ಶತಮಾನಗಳ ಹಿಂದೆ ಕೈಬಿಟ್ಟ ಗೋತ್ರದ ನೆನಪು ಭದ್ರವಾಗಿರುತ್ತದೆ. 2016ರ ಡಿಸೆಂಬರ್‌ನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪ್‌ಗಳು) ದಲಿತ ಸಬಲೀಕರಣದ ನೀತಿಯೊಂದನ್ನು ಹೊರತಂದು, ಅಸ್ಪೃಶ್ಯತೆ ನಮ್ಮೊಳಗಿದೆ ಎಂದು ಬರೆದುಕೊಟ್ಟರು. ಅವರು ಅದುವರೆಗೆ ಹೊರಡಿಸಿದ ಪತ್ರಗಳಲ್ಲಿ ನನಗೆ ಹೆಚ್ಚು ಗೌರವ ಇರುವುದು ಇದರ ಮೇಲೆ. 2022ರಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಅಂತೋನಿ ಪೂಲಾ ಮೊದಲ ದಲಿತ ಕಾರ್ಡಿನಲ್ (ಪೋಪರ ನಂತರದ ಅತ್ಯುನ್ನತ ಸ್ಥಾನ) ಆದರು. ಸಂತೋಷವೇ, ಆದರೆ ಮೊದಲನೆಯವರು ಬರಲು ಇಷ್ಟು ಕಾಲ ಬೇಕಾಯಿತೇ ಎಂಬ ಮುಜುಗರವೂ ಇದೆ.

ಅತ್ತ ಸರ್ಕಾರಗಳೂ ಜಾಣತನದಿಂದ ಕಾಲ ತಳ್ಳುತ್ತಿವೆ. ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದಿಂದ ಬಿಡಿಸಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಆಯೋಗ ಬಂತು, ಅದರ ಅವಧಿ ವಿಸ್ತರಣೆಯಾಗುತ್ತಲೇ ಹೋಯಿತು. ಕರ್ನಾಟಕದಲ್ಲಿ 2025ರ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿನ ಜೊತೆ ‘ಕ್ರಿಶ್ಚಿಯನ್’ ಎಂದು ಕಂಡಾಗ ಎದ್ದ ಗದ್ದಲ ನಿಮಗೂ ನೆನಪಿರಬೇಕು.

ಮತಾಂತರದ ಮಾತಿಗೆ ಬರುತ್ತೇನೆ. ಆಮಿಷಕ್ಕಾಗಿ ಧರ್ಮ ಬದಲಿಸುತ್ತಾರೆ ಎನ್ನುವವರು ಒಂದು ಲೆಕ್ಕ ಹಾಕಿ ನೋಡಲಿ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರೊಬ್ಬರು ದೀಕ್ಷಾಸ್ನಾನ ಪಡೆದು ಅದನ್ನು ಬಹಿರಂಗವಾಗಿ ಹೇಳಿಕೊಂಡರೆ, ಪರಿಶಿಷ್ಟ ಜಾತಿಯ ಸ್ಥಾನ ಕಳೆದುಕೊಂಡು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಹೋಗುತ್ತಾರೆ. ಮೀಸಲು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ. ಊರಿನ ಮೇಲ್ಜಾತಿಯವನು ಜಾತಿ ಹಿಡಿದು ಬೈದು ಹೊಡೆದರೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ. ಬೈದವನಿಗೆ ಮಾತ್ರ ಅವರ ಜಾತಿ ಚೆನ್ನಾಗಿ ಗೊತ್ತಿರುತ್ತದೆ.