ಜೀನು ಕಂಡರೆ ಕಚ್ಚಲು ಬರುವ ಕುದುರೆ

ಪ್ರಶ್ನೆ: ಡಾಕ್ಟ್ರೇ, ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಹನ್ನೊಂದು ವರ್ಷದ ಹೆಣ್ಣು ಕುದುರೆ ಇದೆ, ತುಂಬಾ ಸಾಧು. ಮಳೆಗಾಲವೆಲ್ಲ ಲಾಯದಲ್ಲೇ ಇತ್ತು. ಈಗ ಜೀನು ತಂದರೆ ಸಾಕು, ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬರುತ್ತದೆ. ಎಡಕ್ಕೆ ತಿರುಗಲು ಒಪ್ಪುವುದಿಲ್ಲ. ಬೆನ್ನುಮೂಳೆ ಸರಿದಿದೆ, ಕೈರೋಪ್ರಾಕ್ಟಿಕ್ ಮಾಡಿಸಿ ಅಂತಾರೆ ಗೊತ್ತಿದ್ದವರು. ಮಾಡಿಸಬೇಕಾ?

ಉತ್ತರ: ಸಾಧು ಕುದುರೆ ಏಕಾಏಕಿ ಹೀಗಾದರೆ ಅದು ಸೊಕ್ಕಲ್ಲ, ಎಲ್ಲೋ ನೋವಿದೆ. ಹೊಡೆಯಲು ಹೋಗಬೇಡಿ. ಆದರೆ ‘ಮೂಳೆ ಸರಿದಿದೆ’ ಅನ್ನುವುದನ್ನು ಪೂರ್ತಿ ನಂಬಲೂಬೇಡಿ. ಕುದುರೆಗೆ ಪಕ್ಕೆಲುಬು ಸೇರುವ ಬೆನ್ನುಮಣಿಗಳೇ 18, ಸೊಂಟದಲ್ಲಿ ಸಾಮಾನ್ಯವಾಗಿ 6. ಸುತ್ತಲೂ ದಪ್ಪ ಸ್ನಾಯು. ಅವು ಸುಮ್ನೆ ಜಾರುವುದಿಲ್ಲ. ಕೀಲು ಬಿಗಿಯಾಗುತ್ತದೆ, ಸ್ನಾಯು ಸೆಟೆದುಕೊಳ್ಳುತ್ತದೆ. ಕೈರೋಪ್ರಾಕ್ಟಿಕ್‌ನಲ್ಲಿ ಆ ಕೀಲಿನ ಮೇಲೆ ಕೈಯಿಂದ ಚುರುಕಾಗಿ, ಚಿಕ್ಕದಾಗಿ ಒತ್ತಿ ಅದು ಆಡುವಂತೆ ಮಾಡುತ್ತಾರೆ, ಅಷ್ಟೆ.

ಮೊದಲು ನೀವೇ ನೋಡಿ. ಹೆಗಲಿನಿಂದ ಸೊಂಟದವರೆಗೆ, ಬೆನ್ನುಮೂಳೆಯ ಎರಡೂ ಪಕ್ಕ ಬೆರಳ ತುದಿ ಚಪ್ಪಟೆಯಾಗಿಟ್ಟು ನಿಧಾನ ಒತ್ತುತ್ತಾ ಹೋಗಿ. ಚರ್ಮ ಸ್ವಲ್ಪ ಅದುರಿದರೆ ಚಿಂತೆಯಿಲ್ಲ. ಒಂದೇ ಜಾಗದಲ್ಲಿ ಪ್ರತಿಸಲವೂ ಬೆನ್ನು ಕೆಳಗೆ ಕುಸಿದರೆ, ಬಾಲ ಬೀಸಿದರೆ, ಸ್ನಾಯು ಹಲಗೆಯಂತೆ ಗಟ್ಟಿಯಾದರೆ ಅಲ್ಲಿ ನೋವಿದೆ. ಆಮೇಲೆ ಕ್ಯಾರೆಟ್ ಹಿಡಿದು ಕತ್ತನ್ನು ಎಡಪಕ್ಕೆಗೆ, ಬಲಪಕ್ಕೆಗೆ ಕರೆಯಿರಿ. ಕಾಲು ಸರಿಸದೆ ಒಂದು ಕಡೆ ಮಾತ್ರ ಬಾಯಿ ಮುಟ್ಟದಿದ್ದರೆ ಬರೆದಿಟ್ಟುಕೊಳ್ಳಿ. ಬಾಲ ಸದಾ ಒಂದೇ ಕಡೆ ವಾಲುವುದು, ಹಿಂದಿನಿಂದ ನೋಡಿದರೆ ಎರಡೂ ಕಡೆಯ ಮಾಂಸ ಸಮ ಇಲ್ಲದಿರುವುದು, ಇಳಿಜಾರಿನಲ್ಲಿ ಎಡವುವುದು, ಇವೂ ಸುಳಿವುಗಳೇ.

ನನಗೆ ಅನುಮಾನ ಜೀನಿನ ಮೇಲೆ. ತಿಂಗಳುಗಟ್ಟಲೆ ಲಾಯದಲ್ಲಿ ನಿಂತರೆ ಬೆನ್ನಿನ ಮಾಂಸ ಇಳಿಯುತ್ತದೆ. ಕುದುರೆಯ ಆಕಾರ ಬದಲಾಗಿದೆ, ಜೀನು ಹಳೆಯದೇ ಅಲ್ವಾ? ಜೀನು ಕೊನೆಯ ಪಕ್ಕೆಲುಬು ದಾಟಬಾರದು. ಜೀನು ಕೂರುವ ಜಾಗದಲ್ಲಿ ಬಿಳಿ ಕೂದಲು ಹುಟ್ಟಿದ್ದರೆ ಅದು ಹಳೆಯ ಒತ್ತಡದ ಗುರುತು. ಹಲ್ಲು ಚೂಪಾಗಿದ್ದರೂ ಲಗಾಮು ಎಳೆದಾಗ ಒಂದು ಕಡೆ ತಿರುಗುವುದಿಲ್ಲ. ಕೆಸರಿನಲ್ಲಿ ನಿಂತು ಗೊರಸು ಕೊಳೆತಿದೆಯೇ, ಲಾಳ ಸರಿಯಿದೆಯೇ, ಅದನ್ನೂ ನೋಡಿ. ಇವು ಸರಿಯಾಗದೆ ಬೆನ್ನು ಒತ್ತಿಸಿದರೆ ನಾಲ್ಕು ದಿನ ಆರಾಮ, ಮತ್ತೆ ಅದೇ ಕಥೆ.

ಪಶುವೈದ್ಯರ ಪರೀಕ್ಷೆ ಆಗುವವರೆಗೆ ಸವಾರಿ ಬೇಡ, ಕೈಯಲ್ಲಿ ಹಿಡಿದು ನಡೆಸಿ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಅವರು ಒಪ್ಪಿದ ಮೇಲೆ, ತರಬೇತಿ ಪಡೆದ ಪಶುವೈದ್ಯರಿಂದಲೇ ಕೈರೋಪ್ರಾಕ್ಟಿಕ್ ಮಾಡಿಸಿ. ಸುತ್ತಿಗೆ ಹಿಡಿದು, ಕಾಲು ಜಗ್ಗಿ ‘ಮೂಳೆ ಕೂರಿಸುವ’ವರನ್ನು ಗೇಟಿನ ಒಳಗೇ ಬಿಡಬೇಡಿ. ಹಿಂಗಾಲು ತೂರಾಡಿದರೆ, ಜ್ವರ ಬಂದರೆ (38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ) ಬೆನ್ನನ್ನು ಯಾರೂ ಮುಟ್ಟುವುದು ಬೇಡ. ನರದ ತೊಂದರೆ ಇರಬಹುದು, ನೊಣಗಳಿಂದ ಹರಡುವ ಸರ್ರಾ ರೋಗವೂ ಇರಬಹುದು. ರಕ್ತ ಪರೀಕ್ಷೆ ಅವತ್ತೇ ಆಗಬೇಕು.